ನಾಲ್ಕು ತಿಂಗಳಿಂದ ಮಾತ್ರೆ ನುಂಗುತ್ತಿದ್ದರೂ ರಕ್ತ ಏರುತ್ತಿಲ್ಲ ಏಕೆ?

ಪ್ರಶ್ನೆ: ನನಗೆ 44 ವರ್ಷ. ಆರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಕೀಲು ಊದಿಕೊಂಡ ದಿನಗಳಲ್ಲಿ ನೋವಿನ ಮಾತ್ರೆ, ಅದರಿಂದ ಹೊಟ್ಟೆ ಉರಿಯಬಾರದೆಂದು ದಿನವೂ ಆಮ್ಲ ತಗ್ಗಿಸುವ ಮಾತ್ರೆ, ಆಗೊಮ್ಮೆ ಈಗೊಮ್ಮೆ ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಳ್ಳುತ್ತೇನೆ. ಮುಟ್ಟು ಇನ್ನೂ ಸರಿಯಾಗಿ ಬರುತ್ತಿದೆ. ನಾಲ್ಕು ತಿಂಗಳಿಂದ ದಿನಕ್ಕೆ ಎರಡು ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10.1ರಿಂದ 10.3ಕ್ಕೆ ಬಂದಿದೆ, ಅಷ್ಟೆ. ದೇಹದ ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ 86, ರಕ್ತದಲ್ಲಿ ಕಬ್ಬಿಣಾಂಶ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ. 12, ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ 28. ಸತುವಿನ ಅಂಶ ಮತ್ತು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಡಿಮೆ, ವಿಟಮಿನ್ ಡಿ 16. ಫೆರಿಟಿನ್ ಸರಿಯಾಗಿದೆ, ಆದ್ದರಿಂದ ಕಬ್ಬಿಣಾಂಶದ ಕೊರತೆಯಿಲ್ಲ ಎಂದು ಒಬ್ಬ ವೈದ್ಯರು ಹೇಳಿದರು. ಕೊರತೆ ಇದೆ, ಮಾತ್ರೆ ಮುಂದುವರಿಸಿ ಎಂದು ಇನ್ನೊಬ್ಬರು ಹೇಳಿದರು. ಜೀರ್ಣಕ್ರಿಯೆಯಲ್ಲಿ ನನಗೆ ಯಾವ ತೊಂದರೆಯೂ ಕಾಣುತ್ತಿಲ್ಲ. ಉರಿಯೂತವಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲವೇ? ಸತು, ವಿಟಮಿನ್ ಎ, ಬಿ ಎಲ್ಲವೂ ಇರುವ ಹೆಚ್ಚು ಪ್ರಮಾಣದ ಮಾತ್ರೆಗಳನ್ನು ಸೇರಿಸಿಕೊಳ್ಳಲೇ?

ಉತ್ತರ: ನಿಮ್ಮ ಇಬ್ಬರು ವೈದ್ಯರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಇಬ್ಬರೂ ವರದಿಯಲ್ಲಿದ್ದ ಸಿಆರ್‌ಪಿ 28 ಎಂಬ ಸಾಲಿಗೆ ಕೊಡಬೇಕಾದ ತೂಕ ಕೊಟ್ಟಂತೆ ಕಾಣುವುದಿಲ್ಲ. ಸಿಆರ್‌ಪಿ ಸಾಮಾನ್ಯವಾಗಿ 5ರ ಒಳಗಿರಬೇಕು. ಅದು 28 ಇದ್ದ ದಿನ ತೆಗೆದ ರಕ್ತದಲ್ಲಿ ಫೆರಿಟಿನ್, ಸತು, ವಿಟಮಿನ್ ಡಿ, ವಿಟಮಿನ್ ಎ ಇವುಗಳಲ್ಲಿ ಯಾವುದನ್ನೂ ಮುಖಬೆಲೆಗೆ ಒಪ್ಪಿಕೊಳ್ಳುವಂತಿಲ್ಲ. ಕೆಲವು ಅಂಕಿಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ, ಕೆಲವು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಹಾಗಾಗಿ ಕಡಿಮೆ ಎಂದು ಬಂದದ್ದಕ್ಕೆಲ್ಲ ಒಂದೊಂದು ಮಾತ್ರೆ ಸೇರಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ.

ಕಬ್ಬಿಣಾಂಶದಿಂದಲೇ ಶುರು ಮಾಡೋಣ, ಏಕೆಂದರೆ ಉರಿಯೂತವು ಹೀರಿಕೆಯನ್ನು ನೇರವಾಗಿ ತಡೆಯುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣಾಂಶವಿರುತ್ತದೆ. ಹೊಸ ಕೆಂಪು ರಕ್ತಕಣಗಳನ್ನು ತಯಾರಿಸಲು ಅಸ್ಥಿಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಆದರೆ ಕರುಳಿನಿಂದ ದಿನಕ್ಕೆ ಒಳಬರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಹಳೆಯದರ ಮರುಬಳಕೆ. ಸುಮಾರು 120 ದಿನ ಬದುಕಿ ಮುದಿಯಾದ ರಕ್ತಕಣಗಳನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಭಕ್ಷಕ ಕೋಶಗಳು ನುಂಗಿ, ಅವುಗಳೊಳಗಿನ ಕಬ್ಬಿಣಾಂಶವನ್ನು ಬಿಡಿಸಿ ಮತ್ತೆ ರಕ್ತಕ್ಕೆ ಬಿಡುತ್ತವೆ.

ಕರುಳಿನ ಕೋಶವಾಗಲಿ ಭಕ್ಷಕ ಕೋಶವಾಗಲಿ, ತನ್ನೊಳಗಿನ ಕಬ್ಬಿಣಾಂಶವನ್ನು ರಕ್ತಕ್ಕೆ ದಾಟಿಸಲು ಇರುವ ಬಾಗಿಲು ಒಂದೇ: ಫೆರೊಪೋರ್ಟಿನ್ ಎಂಬ ಪ್ರೋಟೀನ್. ಈ ಬಾಗಿಲಿನ ಮೇಲೆ ಅಧಿಕಾರವಿರುವುದು ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನಿಗೆ. ಬರೀ 25 ಅಮೈನೊ ಆಮ್ಲಗಳ ಸರಪಳಿ ಅದು. 2000ನೇ ಇಸವಿಯ ಆಸುಪಾಸಿನಲ್ಲಿ ಅದನ್ನು ಮೊದಲು ಗುರುತಿಸಿದವರು ಅದು ಸೂಕ್ಷ್ಮಾಣುಗಳನ್ನು ಕೊಲ್ಲುವ ಪದಾರ್ಥವೆಂದುಕೊಂಡಿದ್ದರು. ಕಬ್ಬಿಣಾಂಶದ ಕಾರುಬಾರು ಅದರ ಕೈಯಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಹೆಪ್ಸಿಡಿನ್ ಬಂದು ಅಂಟಿಕೊಂಡರೆ ಫೆರೊಪೋರ್ಟಿನ್ ಕೋಶದೊಳಗೆ ಸೆಳೆಯಲ್ಪಟ್ಟು ನಾಶವಾಗುತ್ತದೆ. ದೇಹದಲ್ಲಿ ಕಬ್ಬಿಣಾಂಶ ಹೆಚ್ಚಾದಾಗ ಯಕೃತ್ತು ಹೆಪ್ಸಿಡಿನ್ ಬಿಡುವುದು ಸರಿಯಾದ ಏರ್ಪಾಡೇ. ಆದರೆ ಉರಿಯೂತ ಎಲ್ಲೇ ಇರಲಿ, ಅಲ್ಲಿ ಹುಟ್ಟುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವೂ ಯಕೃತ್ತಿಗೆ ಅದೇ ಆಜ್ಞೆ ಕೊಡುತ್ತದೆ. ನಿಮ್ಮ ಬೆರಳ ಕೀಲುಗಳಲ್ಲಿ ಊತವಿದ್ದರೆ ಸಾಕು, ಕರುಳಿಗೆ ಯಾವ ರೋಗವೂ ಇಲ್ಲದಿದ್ದರೂ ಬಾಗಿಲು ಮುಚ್ಚುತ್ತದೆ. ಜೀರ್ಣಕ್ರಿಯೆ ಚೆನ್ನಾಗಿರುವಾಗ ಮಾತ್ರೆ ಏಕೆ ನಾಟುತ್ತಿಲ್ಲ ಎಂಬ ನಿಮ್ಮ ಗೊಂದಲಕ್ಕೆ ಹೆಚ್ಚುಪಾಲು ಉತ್ತರ ಇಲ್ಲಿದೆ.

ಮಾತ್ರೆ ಕರುಳಿಗೆ ತಲುಪಿದ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಸಣ್ಣ ಕರುಳಿನ ಮೊದಲ ಗೇಣಿನಷ್ಟು ಭಾಗದಲ್ಲಿರುವ ಕೋಶಗಳು ಒಂದಿಷ್ಟು ಕಬ್ಬಿಣಾಂಶವನ್ನು ಒಳಗೆ ಎಳೆದುಕೊಳ್ಳುತ್ತವೆ. ರಕ್ತದ ಕಡೆಗಿನ ಬಾಗಿಲು ಮುಚ್ಚಿರುವುದರಿಂದ ಅದು ಕೋಶದೊಳಗೇ ಫೆರಿಟಿನ್ ಆಗಿ ಕುಳಿತುಬಿಡುತ್ತದೆ. ಕರುಳಿನ ಒಳಪದರದ ಕೋಶಗಳ ಆಯುಸ್ಸು ಮೂರರಿಂದ ಐದು ದಿನ. ಅವು ಉದುರಿ ಮಲದೊಂದಿಗೆ ಹೋಗುವಾಗ ನಿಮ್ಮ ಕಬ್ಬಿಣಾಂಶವೂ ಜೊತೆಗೆ ಹೋಗುತ್ತದೆ. ಕೋಶದೊಳಗೂ ಹೋಗದೆ ಉಳಿದ ಪಾಲು ದೊಡ್ಡ ಕರುಳಿಗೆ ಇಳಿದು ಮಲಬದ್ಧತೆ, ಹೊಟ್ಟೆ ತೊಳಸುವಿಕೆ, ಕಪ್ಪು ಮಲ ಇವುಗಳಿಗೆ ಕಾರಣವಾಗುತ್ತದೆ. ದಿನಕ್ಕೆ ಎರಡರ ಬದಲು ಮೂರು ಮಾತ್ರೆ ನುಂಗಿದರೆ ಹೆಚ್ಚಾಗುವುದು ಮುಖ್ಯವಾಗಿ ಈ ಪಾಲೇ.

ದೇಹ ಹೀಗೇಕೆ ಮಾಡುತ್ತದೆ? ಸೋಂಕು ತರುವ ಸೂಕ್ಷ್ಮಾಣುಗಳು ಬೆಳೆಯಲು ಕಬ್ಬಿಣಾಂಶ ಬೇಕೇ ಬೇಕು. ಅದನ್ನು ಅವುಗಳ ಕೈಗೆ ಸಿಗದಂತೆ ಬಚ್ಚಿಡುವುದು ಬಹಳ ಹಳೆಯ ರಕ್ಷಣೆ. ಇದು ಕೇವಲ ಊಹೆಯಲ್ಲ. ಮಲೇರಿಯಾ ಹೆಚ್ಚಾಗಿದ್ದ ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಕೊಟ್ಟ ದೊಡ್ಡ ಪ್ರಯೋಗವೊಂದರಲ್ಲಿ ತೀವ್ರ ಕಾಯಿಲೆ ಮತ್ತು ಸಾವುಗಳು ಹೆಚ್ಚಾದದ್ದರಿಂದ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ನಾಲ್ಕು ದಿನದ ಸೋಂಕಿನಲ್ಲಿ ಬಾಗಿಲು ಮುಚ್ಚುವುದು ಲಾಭವೇ. ಆರು ವರ್ಷದ ಸಂಧಿವಾತದಲ್ಲಿ ಶತ್ರು ಯಾರೂ ಇಲ್ಲ, ಬಾಗಿಲು ಮಾತ್ರ ಮುಚ್ಚಿಯೇ ಇದೆ. ಜೊತೆಗೆ ಉರಿಯೂತವು ರಕ್ತಕಣ ತಯಾರಿಸಲು ಅಸ್ಥಿಮಜ್ಜೆಯನ್ನು ಪ್ರಚೋದಿಸುವ ಎರಿತ್ರೊಪೊಯಟಿನ್ ಹಾರ್ಮೋನಿನ ಪ್ರಭಾವವನ್ನೂ ಕುಗ್ಗಿಸುತ್ತದೆ, ರಕ್ತಕಣಗಳ ಆಯುಸ್ಸನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ.

ಈಗ ಫೆರಿಟಿನ್ 86ರ ವಿಷಯ. ಉರಿಯೂತವಿಲ್ಲದ ವ್ಯಕ್ತಿಯಲ್ಲಿ ಇದು ನೆಮ್ಮದಿಯ ಅಂಕಿ. ಆದರೆ ಫೆರಿಟಿನ್ ಉರಿಯೂತದಲ್ಲಿ ತಾನಾಗಿಯೇ ಏರುವ ಪ್ರೋಟೀನ್. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತದೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ ಆ ಗೆರೆಯನ್ನು 70ಕ್ಕೆ ಏರಿಸುತ್ತದೆ. ದೀರ್ಘಕಾಲದ ಉರಿಯೂತದ ರೋಗಿಗಳನ್ನು ನೋಡುವ ಅನೇಕ ವೈದ್ಯರು 100ರವರೆಗೂ ಅನುಮಾನ ಇಟ್ಟುಕೊಳ್ಳುತ್ತಾರೆ. ಫೆರಿಟಿನ್ 100ಕ್ಕಿಂತ ಹೆಚ್ಚಿದ್ದು ಸ್ಯಾಚುರೇಷನ್ 20ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶ ದೇಹದಲ್ಲಿದೆ, ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ. ಫೆರಿಟಿನ್ 30ರಿಂದ 100ರ ನಡುವೆ ಇದ್ದರೆ ಎರಡೂ ಒಟ್ಟಿಗೆ ಇರಬಹುದು: ಒಂದಷ್ಟು ಸಿಕ್ಕಿಹಾಕಿಕೊಂಡಿದೆ, ಒಂದಷ್ಟು ನಿಜವಾಗಿಯೂ ಖಾಲಿಯಾಗಿದೆ. ನೀವು ನಿಂತಿರುವುದು ಈ ಎರಡನೆಯ ಜಾಗದಲ್ಲಿ. ಇದನ್ನು ಬಿಡಿಸಲು ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ. ಉರಿಯೂತ ಅದನ್ನು ಅಷ್ಟಾಗಿ ಏರಿಸುವುದಿಲ್ಲ, ನಿಜವಾದ ಕೊರತೆ ಏರಿಸುತ್ತದೆ.

ನಿಜವಾಗಿಯೂ ಖಾಲಿಯಾಗುತ್ತಿದ್ದರೆ ಎಲ್ಲಿಂದ ಎಂದು ಕೇಳಲೇಬೇಕು. ಮುಟ್ಟು ಒಂದು ದಾರಿ. ನನಗೆ ಇನ್ನೂ ಹೆಚ್ಚು ಚಿಂತೆ ಹುಟ್ಟಿಸುವುದು ನಿಮ್ಮ ನೋವಿನ ಮಾತ್ರೆ. ಈ ಗುಂಪಿನ ಔಷಧಿಗಳು ಜಠರದಲ್ಲಿ ಮಾತ್ರವಲ್ಲ, ಸಣ್ಣ ಕರುಳಿನಲ್ಲೂ ಸಣ್ಣ ಸಣ್ಣ ಹುಣ್ಣು ಮಾಡಿ, ಕಣ್ಣಿಗೆ ಕಾಣದಷ್ಟು ರಕ್ತವನ್ನು ದಿನವೂ ಸೋರಿಸಬಲ್ಲವು. ಆಮ್ಲ ತಗ್ಗಿಸುವ ಮಾತ್ರೆ ಜಠರವನ್ನು ಕಾಯುತ್ತದೆ, ಸಣ್ಣ ಕರುಳನ್ನು ಕಾಯುವುದಿಲ್ಲ. ನೋವಿಲ್ಲ ಎಂದ ಮಾತ್ರಕ್ಕೆ ಹುಣ್ಣಿಲ್ಲ ಎಂದಲ್ಲ, ಏಕೆಂದರೆ ನೋವನ್ನು ಮುಚ್ಚುವುದೇ ಆ ಮಾತ್ರೆಯ ಕೆಲಸ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಬಣ್ಣ ನೋಡಿ ತೀರ್ಮಾನಿಸಲು ಬರುವುದಿಲ್ಲ. ಟಾರಿನಂತೆ ಜಿಗುಟಾಗಿ, ವಿಪರೀತ ದುರ್ವಾಸನೆಯಿದ್ದರೆ ಅಂದೇ ವೈದ್ಯರನ್ನು ಕಾಣಿ. ಹಾಗಿಲ್ಲದಿದ್ದರೂ ಜಠರ ಮತ್ತು ಕರುಳಿನ ತಪಾಸಣೆಯ ಬಗ್ಗೆ ಕೇಳಿ. ಅದರ ಜೊತೆಗೆ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್‌ಗೆ ದೇಹ ತಿರುಗಿಬಿದ್ದು ಸಣ್ಣ ಕರುಳಿನ ಮೊದಲ ಭಾಗ ಹಾಳಾಗುವ ಈ ಕಾಯಿಲೆ ಭೇದಿಯಾಗಲಿ ಹೊಟ್ಟೆನೋವಾಗಲಿ ಇಲ್ಲದೆ, ಮಾತ್ರೆಗೆ ಜಗ್ಗದ ರಕ್ತಹೀನತೆಯಾಗಿ ಮಾತ್ರವೇ ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಹಾಗಾದರೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು? ಒಂದು ಡೋಸ್ ಕಬ್ಬಿಣಾಂಶವೇ ಸುಮಾರು ಒಂದು ದಿನದ ಮಟ್ಟಿಗೆ ಹೆಪ್ಸಿಡಿನ್ ಏರಿಸುತ್ತದೆ, ಹಾಗಾಗಿ ಸಂಜೆಯ ಮಾತ್ರೆ ಬೆಳಗಿನ ಮಾತ್ರೆ ಮುಚ್ಚಿದ ಬಾಗಿಲಿಗೆ ಹೋಗಿ ಬಡಿಯುತ್ತದೆ. ಕಬ್ಬಿಣಾಂಶ ಕಡಿಮೆಯಿದ್ದ ಮಹಿಳೆಯರಲ್ಲಿ ನಡೆದ ಅಧ್ಯಯನಗಳಲ್ಲಿ ದಿನ ಬಿಟ್ಟು ದಿನ ಒಂದೇ ಬಾರಿ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾದ ಪಾಲು ಹೆಚ್ಚಿತ್ತು. ಆದರೆ ಅವರಲ್ಲಿ ನಿಮ್ಮಂಥ ಉರಿಯೂತ ಇರಲಿಲ್ಲ. ನಿಮಗೆ ಅದು ಹೊಟ್ಟೆಯ ಕಿರಿಕಿರಿಯನ್ನಂತೂ ಕಡಿಮೆ ಮಾಡೀತು, ಆದರೆ ಹಿಮೋಗ್ಲೋಬಿನ್ ಅದೊಂದರಿಂದಲೇ ಏರುತ್ತದೆಂದು ನಾನು ಭರವಸೆ ಕೊಡಲಾರೆ. ಸಾಮಾನ್ಯವಾಗಿ ನಾಲ್ಕು ವಾರ ಸರಿಯಾಗಿ ಮಾತ್ರೆ ನುಂಗಿದರೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ನಾಲ್ಕು ತಿಂಗಳಲ್ಲಿ 0.2 ಎಂದರೆ ಈ ದಾರಿ ಫಲ ಕೊಟ್ಟಿಲ್ಲ. ಇಂಥಲ್ಲಿ ಕಬ್ಬಿಣಾಂಶವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವುದು ಕರುಳಿನ ತಡೆಯನ್ನು ದಾಟುತ್ತದೆ, ಭಕ್ಷಕ ಕೋಶಗಳ ತಡೆ ಮಾತ್ರ ಸ್ವಲ್ಪ ಉಳಿಯುತ್ತದೆ. ಇದಕ್ಕಿಂತ ಮೂಲದ ದಾರಿ ಸಂಧಿವಾತವನ್ನೇ ಹತೋಟಿಗೆ ತರುವುದು. ಇಂಟರ್‌ಲ್ಯೂಕಿನ್-6ಕ್ಕೆ ತಡೆಯೊಡ್ಡುವ ಟೊಸಿಲಿಜುಮಾಬ್‌ನಂಥ ಔಷಧಿ ಪಡೆದ ಸಂಧಿವಾತದ ರೋಗಿಗಳಲ್ಲಿ ಹೆಪ್ಸಿಡಿನ್ ಇಳಿದು ಹಿಮೋಗ್ಲೋಬಿನ್ ಏರುವುದು ಕಂಡುಬಂದಿದೆ. ಆ ಔಷಧಿಯೇ ನಿಮಗೆ ಬೇಕೆಂದು ಇದರ ಅರ್ಥವಲ್ಲ. ಆದರೆ ಸಿಆರ್‌ಪಿ 28ರಲ್ಲೇ ನಿಂತಿದೆ ಎಂದರೆ ಈಗಿನ ಸಂಧಿವಾತದ ಚಿಕಿತ್ಸೆ ಸಾಲುತ್ತಿದೆಯೇ ಎಂದು ನಿಮ್ಮ ಕೀಲುತಜ್ಞರನ್ನು ಕೇಳುವುದು ಇನ್ನೊಂದು ಡಬ್ಬಿ ಮಾತ್ರೆ ಕೊಳ್ಳುವುದಕ್ಕಿಂತ ಹೆಚ್ಚು ಉಪಯೋಗದ್ದು.

ಸತುವಿನ ಕಥೆ ಬೇರೆ. ಇಲ್ಲಿ ಹೀರಿಕೆಗಿಂತ ಸ್ಥಳಾಂತರದ ಪಾತ್ರ ದೊಡ್ಡದು. ದೇಹದ ಒಟ್ಟು ಸತುವಿನಲ್ಲಿ ರಕ್ತದ್ರವದಲ್ಲಿರುವುದು ಸುಮಾರು ಶೇ. 0.1 ಮಾತ್ರ. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಯಕೃತ್ತು ಈ ಚೂರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಸತುವನ್ನು ಹೊತ್ತು ತಿರುಗುವ ಆಲ್ಬುಮಿನ್ ಕೂಡ ಉರಿಯೂತದಲ್ಲಿ ಇಳಿಯುತ್ತದೆ. ನಿಮ್ಮ ವರದಿಯಲ್ಲೂ ಇಳಿದಿದೆ. ಹಾಗಾಗಿ ನಿಮ್ಮ ಕಡಿಮೆ ಸತುವನ್ನು ಕೊರತೆಯೆಂದು ನಾನು ಇನ್ನೂ ಕರೆಯುವುದಿಲ್ಲ. ದೀರ್ಘಕಾಲ ಭೇದಿ ಇದ್ದವರ ಮಾತು ಬೇರೆ, ಅವರಲ್ಲಿ ಸತು ನಿಜವಾಗಿಯೂ ಮಲದಲ್ಲಿ ಹೋಗುತ್ತಿರುತ್ತದೆ. ಕರುಳಿನ ಉರಿಯೂತವನ್ನು ಅಳೆಯಲು ಮಲಪರೀಕ್ಷೆಯಲ್ಲಿ ನೋಡುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ನಿಜವಾದ ಕೆಲಸವೇ ಸತು ಮತ್ತು ಮ್ಯಾಂಗನೀಸನ್ನು ಹಿಡಿದಿಟ್ಟು ಸೂಕ್ಷ್ಮಾಣುಗಳಿಗೆ ಸಿಗದಂತೆ ಮಾಡುವುದು. ಬಿಳಿ ರಕ್ತಕಣಗಳು ಅದನ್ನು ತಮ್ಮೊಳಗೆ ತುಂಬಿಕೊಂಡೇ ಬರುತ್ತವೆ. ಪ್ರಯೋಗಾಲಯದ ಆ ಒಂದು ಅಂಕಿಯ ಹಿಂದೆ ಖನಿಜಗಳಿಗಾಗಿ ನಡೆದ ಕಾದಾಟವಿದೆ ಎಂಬುದು ನನಗೆ ಈಗಲೂ ಸೋಜಿಗದ ಸಂಗತಿ.

ಸತುವಿನ ದೊಡ್ಡ ಡೋಸ್‌ಗಳ ಬಗ್ಗೆ ನನಗೆ ಒಂದು ತಕರಾರಿದೆ. ತಿಂಗಳುಗಟ್ಟಲೆ ಹೆಚ್ಚು ಸತು ನುಂಗಿದರೆ ಕರುಳಿನ ಕೋಶಗಳಲ್ಲಿ ಮೆಟಲೊಥಯೊನೀನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಅದು ಸತುವಿಗಿಂತ ತಾಮ್ರವನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ತಾಮ್ರ ಒಳಗೆ ಹೋಗದೆ ಉದುರುವ ಕೋಶಗಳೊಂದಿಗೆ ಹೊರಹೋಗುತ್ತದೆ, ಕೊನೆಗೆ ತಾಮ್ರದ ಕೊರತೆಯಿಂದಲೇ ಇನ್ನೊಂದು ರಕ್ತಹೀನತೆ ಹುಟ್ಟುತ್ತದೆ. ಇದನ್ನು ಪತ್ತೆ ಹಚ್ಚುವುದೂ ಸುಲಭವಲ್ಲ, ಏಕೆಂದರೆ ತಾಮ್ರವನ್ನು ಹೊರುವ ಸೆರುಲೊಪ್ಲಾಸ್ಮಿನ್ ಉರಿಯೂತದಲ್ಲಿ ಏರಿ, ತಾಮ್ರ ಬೇಕಾದಷ್ಟಿದೆ ಎಂಬ ಸುಳ್ಳು ಚಿತ್ರ ಕೊಡುತ್ತದೆ. ರಕ್ತ ಏರಲಿ ಎಂದು ಶುರು ಮಾಡಿದ ಮಾತ್ರೆಯೇ ರಕ್ತವನ್ನು ಇಳಿಸಿದಂತಾಗುತ್ತದೆ.

ವಿಟಮಿನ್ ಎ ಕೂಡ ಇದೇ ಜಾತಿಯದು. ಅದನ್ನು ಯಕೃತ್ತಿನಿಂದ ಹೊರಗೆ ಒಯ್ಯುವ ಪ್ರೋಟೀನಿನ ತಯಾರಿಕೆ ಉರಿಯೂತದಲ್ಲಿ ಇಳಿಯುತ್ತದೆ. ಯಕೃತ್ತಿನ ತುಂಬ ವಿಟಮಿನ್ ಎ ಇದ್ದರೂ ರಕ್ತದಲ್ಲಿ ಕಡಿಮೆ ಕಾಣಬಹುದು. ಹೆಚ್ಚಾದ ವಿಟಮಿನ್ ಎ ಯಕೃತ್ತಿಗೇ ವಿಷ, ಅದರಲ್ಲೂ ಯಕೃತ್ತಿನ ಮೇಲೆ ಕಣ್ಣಿಡಬೇಕಾದ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ಶುರು ಮಾಡುವುದು ಬೇಡವೇ ಬೇಡ. ಬಿ6, ವಿಟಮಿನ್ ಸಿ, ಸೆಲೆನಿಯಂ ಇವೂ ಉರಿಯೂತದಲ್ಲಿ ರಕ್ತದಲ್ಲಿ ಇಳಿಯುತ್ತವೆ. ಬಿ6ರ ದೊಡ್ಡ ಡೋಸ್ ದೀರ್ಘಕಾಲ ತೆಗೆದುಕೊಂಡರೆ ಕೈಕಾಲುಗಳ ನರಗಳಿಗೆ ಹಾನಿಯಾಗುತ್ತದೆ ಎಂಬುದನ್ನೂ ನೆನಪಿಡಿ.

ವಿಟಮಿನ್ ಡಿ ವಿಷಯದಲ್ಲಿ ಮಾತ್ರ ನನ್ನ ಸಲಹೆ ತಿರುವು ಪಡೆಯುತ್ತದೆ. ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾದವರಲ್ಲಿ ಒಂದೆರಡು ದಿನಗಳಲ್ಲೇ ಸಿಆರ್‌ಪಿ ಏರಿ ವಿಟಮಿನ್ ಡಿ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಎರಡು ದಿನದಲ್ಲಿ ಯಾರಿಗೂ ಆಹಾರದ ಅಥವಾ ಬಿಸಿಲಿನ ಕೊರತೆ ಆಗುವುದಿಲ್ಲ. ಆದ್ದರಿಂದ ನಿಮ್ಮ 16ರಲ್ಲೂ ಉರಿಯೂತದ ಪಾಲು ಇರಬಹುದು. ಆದರೂ ಇದನ್ನು ತುಂಬಿಸಿಕೊಳ್ಳಿ ಎನ್ನುತ್ತೇನೆ, ಕಾರಣ ನಿಮ್ಮ ಸ್ಟೀರಾಯ್ಡ್. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ಹೆಚ್ಚಿಸುತ್ತದೆ, ಮೂಳೆ ಕಟ್ಟುವ ಕೋಶಗಳನ್ನೂ ಕುಂದಿಸುತ್ತದೆ. ಸಂಧಿವಾತವೇ ಮೂಳೆಯನ್ನು ಸವೆಸುವಾಗ ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ, ಅಂಕಿ ಎಷ್ಟು ಸಾಚಾ ಎಂದು ಚರ್ಚಿಸುತ್ತಾ ಕೂರುವುದಕ್ಕಿಂತ ವೈದ್ಯರು ಹೇಳಿದ ಮಿತ ಪ್ರಮಾಣದ ವಿಟಮಿನ್ ಡಿ ಮತ್ತು ಸಾಕಷ್ಟು ಕ್ಯಾಲ್ಸಿಯಂ ಸೇವಿಸುವುದೇ ಸರಿ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣಾಂಶದ ಮಾತ್ರೆಯೊಂದಿಗೆ ನುಂಗಬೇಡಿ, ಅದು ಕಬ್ಬಿಣಾಂಶದ ಹೀರಿಕೆಯನ್ನು ತಡೆಯುತ್ತದೆ. ನಡುವೆ ಕೆಲವು ಗಂಟೆ ಇರಲಿ.

ಇಲ್ಲಿಯವರೆಗೆ ಹೇಳಿದ್ದು ಉರಿಯೂತ ಕರುಳಿನ ಹೊರಗಿರುವಾಗಿನ ಮಾತು. ಉರಿಯೂತ ಕರುಳಿನಲ್ಲೇ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ, ಆಗ ಹೀರುವ ಮೇಲ್ಮೈಯೇ ನಾಶವಾಗಿರುತ್ತದೆ. ಕರುಳಿನ ಯಾವ ಭಾಗ ಎಂಬುದರ ಮೇಲೆ ಯಾವ ಕೊರತೆ ಎಂಬುದು ನಿಂತಿದೆ. ಸೀಲಿಯಾಕ್ ಕಾಯಿಲೆಯಲ್ಲಿ ಸಣ್ಣ ಕರುಳಿನ ಆರಂಭದ ಬೆರಳಿನಾಕಾರದ ಮಡಿಕೆಗಳು ಚಪ್ಪಟೆಯಾಗುವುದರಿಂದ ಕಬ್ಬಿಣಾಂಶ, ಫೋಲೇಟ್, ಕ್ಯಾಲ್ಸಿಯಂ ಮೊದಲು ಕೈಕೊಡುತ್ತವೆ. ಕ್ರೋನ್ಸ್ ಕಾಯಿಲೆ ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಬರುತ್ತದೆ, ಬಿ12 ಬಹುಪಾಲು ಹೀರಿಕೆಯಾಗುವುದು ಅಲ್ಲೇ. ಪಿತ್ತಲವಣಗಳು ಮರಳಿ ಹೀರಲ್ಪಡುವುದೂ ಅಲ್ಲೇ. ಅವು ಸೋರಿಹೋದರೆ ಕೊಬ್ಬು ಜೀರ್ಣವಾಗುವುದಿಲ್ಲ, ಕೊಬ್ಬಿನೊಂದಿಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಅದರೊಂದಿಗೆ ಕೂಡಿ ಹೊರಹೋಗಬೇಕಿದ್ದ, ಆಹಾರದಲ್ಲಿರುವ ಆಕ್ಸಲೇಟ್ ಎಂಬ ಲವಣ ಒಂಟಿಯಾಗಿ ರಕ್ತ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಕರುಳಿನ ರೋಗಿಗೆ ಮೂತ್ರಪಿಂಡದ ಕಲ್ಲೇಕೆ ಎಂದು ಕೇಳುವವರಿಗೆ ಇದೇ ಉತ್ತರ. ಜಠರದ ಒಳಪದರ ದೀರ್ಘಕಾಲದ ಉರಿಯೂತದಿಂದ ಸವೆದರೆ ಆಮ್ಲವೂ ಬಿ12ಕ್ಕೆ ಜೊತೆಗಾರನಾಗುವ ಪ್ರೋಟೀನೂ ಕಡಿಮೆಯಾಗುತ್ತವೆ. ಯಕೃತ್ತಿನಲ್ಲಿ ಹಲವು ವರ್ಷಗಳಿಗಾಗುವಷ್ಟು ಬಿ12 ಶೇಖರವಾಗಿರುವುದರಿಂದ ಈ ಕೊರತೆ ನಿಧಾನವಾಗಿ, ಬಹಳ ತಡವಾಗಿ ಗೊತ್ತಾಗುತ್ತದೆ.

ಇನ್ನು ನಿಮ್ಮ ಔಷಧಿಗಳು. ಆಮ್ಲ ತಗ್ಗಿಸುವ ಮಾತ್ರೆ ವರ್ಷಗಟ್ಟಲೆ ನಡೆದರೆ ಕಬ್ಬಿಣಾಂಶ ಕರಗಲು ಬೇಕಾದ ಆಮ್ಲ ಸಿಗುವುದಿಲ್ಲ, ಬಿ12 ಮತ್ತು ಮೆಗ್ನೀಷಿಯಂ ಕೂಡ ಇಳಿಯಬಹುದು. ನಿಮ್ಮ ವರದಿಯಲ್ಲಿ ಈ ಎರಡೂ ಇಲ್ಲ, ಮಾಡಿಸಿ. ಹಾಗೆಂದು ನೋವಿನ ಮಾತ್ರೆ ಮುಂದುವರಿಸುತ್ತಾ ಇದನ್ನು ಮಾತ್ರ ನಿಲ್ಲಿಸಬೇಡಿ, ಜಠರದ ರಕ್ತಸ್ರಾವಕ್ಕೆ ಆಹ್ವಾನ ಕೊಟ್ಟಂತಾದೀತು. ಎರಡನ್ನೂ ಕಡಿಮೆ ಮಾಡಬಹುದೇ ಎಂದು ಒಟ್ಟಿಗೆ ಕೇಳಿ. ಮೆಥೊಟ್ರೆಕ್ಸೇಟ್ ಫೋಲೇಟ್ ಎಂಬ ಬಿ ವಿಟಮಿನ್ನಿನ ಕೆಲಸಕ್ಕೇ ಅಡ್ಡಬರುವ ಔಷಧಿ, ಆದ್ದರಿಂದ ಅದರೊಂದಿಗೆ ಫೋಲೇಟಿನ ಮಾತ್ರೆಯ ರೂಪವಾದ ಫೋಲಿಕ್ ಆಮ್ಲ ಬರೆದುಕೊಡುವುದು ರೂಢಿ. ನಿಮ್ಮ ಪತ್ರದಲ್ಲಿ ಅದರ ಹೆಸರಿಲ್ಲ. ಬರೆಯಲು ಮರೆತಿದ್ದರೆ ಸರಿ, ತೆಗೆದುಕೊಳ್ಳುತ್ತಲೇ ಇಲ್ಲವಾದರೆ ಈ ವಾರವೇ ವೈದ್ಯರಿಗೆ ತಿಳಿಸಿ. ಅದೂ ರಕ್ತಹೀನತೆಗೆ ಕಾರಣವಾಗಬಲ್ಲದು.

ಹೆಚ್ಚು ಪ್ರಮಾಣದ ಮಾತ್ರೆಗಳು ಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಸದ್ಯಕ್ಕೆ ಬೇಡ. ಊಟ ಸರಿಯಾಗಿ ಸೇರದಿದ್ದರೆ ದಿನದ ಅಗತ್ಯದ ಮಟ್ಟದಲ್ಲಿರುವ ಸಾಧಾರಣ ಬಹುವಿಟಮಿನ್ ಮಾತ್ರೆಯಿಂದ ತೊಂದರೆಯಿಲ್ಲ. ಸಂಧಿವಾತದ ಚಿಕಿತ್ಸೆ ಹೊಂದಿಸಿದ ಮೇಲೆ ಸಿಆರ್‌ಪಿ ಇಳಿದದ್ದು ಖಚಿತವಾದಾಗ ಸತುವಿನ ಪರೀಕ್ಷೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿ, ಊಟವಾದ ಮೇಲೆ ಅದು ಇಳಿಯುತ್ತದೆ. ಅದೇ ರಕ್ತದಲ್ಲಿ ಸಿಆರ್‌ಪಿ, ಆಲ್ಬುಮಿನ್, ಫೆರಿಟಿನ್, ಸ್ಯಾಚುರೇಷನ್ ಕೂಡ ನೋಡಲು ಹೇಳಿ. ಬೇರೆ ಬೇರೆ ದಿನ ಮಾಡಿಸಿದ ವರದಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಸಲು ಬರುವುದಿಲ್ಲ. ಉರಿಯೂತ ಇಳಿದ ಮೇಲೂ ಸತು ಕಡಿಮೆಯೇ ಇದ್ದರೆ ಆಗ ಅದನ್ನು ಕೊರತೆಯೆಂದು ನಂಬಿ, ಎಷ್ಟು ಮತ್ತು ಎಷ್ಟು ವಾರ ಎಂದು ವೈದ್ಯರಿಂದ ಬರೆಸಿಕೊಂಡು ಶುರು ಮಾಡಿ.